ಕಾಲು ಸುತ್ತಿನ ಮೌಂಟು

ಮರ್ಡೊ ಶೆಡ್ಡಿನ ಬಾಗಿಲು ತಳ್ಳಿದ್ದೇ ತಡ, ಒಳಗಿದ್ದ ಇಬ್ಬರ ಬಾಯಿಯೂ ಮುಚ್ಚಿಕೊಂಡಿತು. ಅವನ ತಂಗಿಯ ಮಗಳು ಐಲ್ಸಾ, ಲೋಹ ಕಡೆಯುವ ಲೇಥ್ ಯಂತ್ರದ ಕಡೆ ತಿರುಗಿದಳು. ಬೇಟೆ ತಂಡದ ಹೊಹೆಪಾ ತನ್ನ ಬೂಟನ್ನೇ ನೋಡತೊಡಗಿದ.

"ನಿಲ್ಲಿಸಿದ್ಯಾಕೆ? ನನ್ನ ವಿಷ್ಯಾನೇ ತಾನೆ? ಮುಂದುವರಿಸಿ," ಎಂದ ಮರ್ಡೊ.

ಹೊಹೆಪಾ ಬೆಂಚಿನ ಕಡೆ ಬೆರಳು ತೋರಿಸಿದ.

ಬೆಂಚಿನ ಮೇಲೆ ರೈಫಲ್ಲಿಗೆ ಸೈಲೆನ್ಸರ್ ಕೂರಿಸುವ ಮೌಂಟು ಮಲಗಿತ್ತು. ವೈಮಾಟೆಯ ಗುಡ್ಡಗಳಲ್ಲಿ ಕುರಿಗಳ ಹುಲ್ಲನ್ನೆಲ್ಲ ಪುಟ್ಟ ಕಾಂಗರೂಗಳಂಥ ವಾಲಬಿಗಳು ಮೇಯುತ್ತಿದ್ದವು. ಅವನ್ನು ಹೊಡೆಯುವ ಗುತ್ತಿಗೆ ಹೊಹೆಪಾನ ತಂಡದ್ದು. ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಜಾತಿಯ ರೈಫಲ್. ಪ್ರತಿಯೊಂದಕ್ಕೂ ಬೇರೆ ಸೈಲೆನ್ಸರ್ ಯಾಕೆ ಬೇಕು? ಪ್ರತಿ ನಳಿಗೆಗೂ ಒಂದು ಪುಟ್ಟ ಉಂಗುರ ಕೂರಿಸು, ಯಾವ ಸೈಲೆನ್ಸರನ್ನಾದರೂ ಅದಕ್ಕೆ ಇಟ್ಟು ಕಾಲು ಸುತ್ತು ತಿರುಗಿಸು, ಮುಗಿಯಿತು. ಮರ್ಡೊ ಇಡೀ ಆಯುಷ್ಯದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಇದೇ. ಹೊಹೆಪಾ ಒಪ್ಪಿದರೆ ಶೆಡ್ಡು ಉಳಿಯುತ್ತದೆ, ಒಪ್ಪದಿದ್ದರೆ ಚಳಿಗಾಲದೊಳಗೆ ಬಾಗಿಲು ಹಾಕಬೇಕು. ಇದು ಮೂವರಿಗೂ ಗೊತ್ತಿತ್ತು.

"ಹಾಡ್ತದೆ ಮರ್ಡೊ!" ಹೊಹೆಪಾ ಗಂಟಲು ಹರಿಯುವಂತೆ ಹೇಳಿದ. "ಗುಂಡು ಹಾರಿದ ಮೇಲೆ ನಿನ್ನ ಮೌಂಟು ಟಿಣ್ ಅಂತದೆ! ವಾಲಬಿಗಳು ಕಿವಿ ನಿಮಿರಿಸ್ತವೆ, ಇಡೀ ಹಿಂಡೇ ಪರಾರಿ!"

"ಕಿರುಚಬೇಡ. ನನ್ನ ಶೆಡ್ಡಲ್ಲಿ ನಿಂತ್ಕೊಂಡು ನನ್ನ ಮೇಲೇ ಜೋರು ಮಾಡ್ತೀಯಾ?"

ಹೊಹೆಪಾ ಐಲ್ಸಾಳ ಮುಖ ನೋಡಿದ. ಆ ನೋಟ ಮರ್ಡೊನ ಕಣ್ಣಿಗೆ ಬಿತ್ತು. ಇತ್ತೀಚೆಗೆ ಅವನ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ಹೊಹೆಪಾ ಕೈ ಚಾಚಿ, ಒಲೆಯ ಮೇಲೆ ಉಗಿ ಚಿಮ್ಮಿಸುತ್ತಿದ್ದ ಕೆಟಲನ್ನು ಕೆಳಗಿಟ್ಟ. ಕೇಳದೆ ಮುಟ್ಟಿದ್ದಕ್ಕೆ ಮರ್ಡೊನ ಮೈ ಇನ್ನಷ್ಟು ಉರಿಯಿತು.

ಟಿಣ್ ಎನ್ನುವ ಈ ಕತೆ ಯಾರ ತಲೆಯಲ್ಲಿ ಹುಟ್ಟಿದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಉಂಗುರಕ್ಕೂ ಸೈಲೆನ್ಸರಿಗೂ ನಡುವೆ ಒಂದು ಮೆತ್ತನೆಯ ಬಿಲ್ಲೆ ಹಾಕೋಣ ಎಂದು ಐಲ್ಸಾ ತಿಂಗಳಿನಿಂದ ದುಂಬಾಲು ಬಿದ್ದಿದ್ದಳು. ಬಿಲ್ಲೆ ಅವಳದಾದರೆ ನಾಳೆ ಮೌಂಟೂ ಅವಳದಾಗುತ್ತದೆ. ಅವನು ಹತ್ತಾರು ಸಲ ಹೊಡೆದು ನೋಡಿದ್ದ. ಟಿಣ್ ಇಲ್ಲ, ಟುಣ್ ಇಲ್ಲ.

"ಆ ಕ್ರೈಸ್ಟ್‌ಚರ್ಚ್ ಬಂದೂಕು ಕಂಪನಿಯ ವ್ಯಾನು ಗೇಟಿಗೆ ಬಂದಿತ್ತಲ್ಲ, ಅವರಿಗೆ ನನ್ನ ಮೌಂಟನ್ನ ಎಷ್ಟಕ್ಕೆ ಮಾರಿದೆ?" ಎಂದು ಐಲ್ಸಾಳನ್ನು ಕೇಳಿದ.

ಅವಳು ಎದುರಿಗೆ ಬಂದು ನಿಂತಳು. "ಅವರು ನಿನ್ನನ್ನೇ ನೋಡೋಕೆ ಬಂದಿದ್ದು ಮಾವ. ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಹೋದ್ರು. ನೀನು ಒಳಗೇ ಇದ್ದೆ."

"ಇದ್ದೆ. ಯಾವ ಹಾರ್ನೂ ಹೊಡೀಲಿಲ್ಲ." ಅವನು ಹಲ್ಲು ಕಚ್ಚಿದ. "ಗುರುವಾರ ತಿಮರೂಗೆ ಬಾ, ಒಬ್ಬರನ್ನ ನೋಡಿ ಬರೋಣ ಅಂತ ಜೀವ ತಿಂತಿದ್ದೀಯಲ್ಲ, ಯಾರವನು? ಅವರ ವಕೀಲನಾ? ನನ್ನ ಕೈಲಿ ಸಹಿ ಹಾಕಿಸಿಕೊಳ್ಳೋಕಾ?"

ಐಲ್ಸಾಳ ಮುಖ ಬಿಳಿಚಿಕೊಂಡಿತು. "ಹೇಳ್ಬಿಡು," ಎಂದ ಹೊಹೆಪಾ.

"ಯಾರು ಅಂತ ಹೇಳಿದ್ರೆ ನೀನು ಬರಲ್ಲ ಮಾವ."

"ಕಳ್ಳಿ," ಎಂದ ಮರ್ಡೊ. ಅವಳನ್ನು ಎತ್ತಿ ಆಡಿಸಿದ ಕೈಯನ್ನೇ ಅವಳ ಮುಂದೆ ಚಾಚಿದ. "ಬೀಗದ ಕೈ ಕೊಡು. ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ಸ್ಪ್ಯಾನರ್‌ನಲ್ಲಿ ಮಾತಾಡ್ತೀನಿ."

ಅವಳು ಬೀಗದ ಕೈಯನ್ನು ಬೆಂಚಿನ ಮೇಲಿಟ್ಟಳು. ಬಾಗಿಲ ಬಳಿ ನಿಂತು, ಬೆನ್ನು ಹಾಕಿಕೊಂಡೇ ಏನೋ ಅಂದಳು. ಎಂದಿನಂತೆ ಮಾತು ನುಂಗಿದಳು. ವರ್ಷದಿಂದೀಚೆಗೆ ಅವಳಿಗೆ ಇದೊಂದು ಚಾಳಿ. ಏನೆಂದು ಮರ್ಡೊ ಕೇಳಲಿಲ್ಲ. ಹೊಹೆಪಾನೂ ಅವಳ ಹಿಂದೆಯೇ ನಡೆದ.

"ಸಂಜೆಯೊಳಗೆ ನಿನ್ನ ಟಿಣ್ ಸುಳ್ಳು ಅಂತ ತೋರಿಸ್ತೀನಿ!" ಮರ್ಡೊ ಅವನ ಬೆನ್ನಿಗೆ ಕೂಗಿದ.

ರೈಫಲ್ ಹೆಗಲಿಗೇರಿಸಿ ಒಬ್ಬನೇ ಗುಡ್ಡ ಹತ್ತಿದ. ಶೆಡ್ಡಿನ ಬಾಗಿಲ ಹಿಂದೆ ತೂಗುತ್ತಿದ್ದ, ಗುಂಡಿನ ಸದ್ದು ತಡೆಯುವ ಕಿವಿಮುಚ್ಚಳವನ್ನು ಮುಟ್ಟಲಿಲ್ಲ, ಹುಡುಗನಾಗಿದ್ದಾಗಿನಿಂದ ಮುಟ್ಟಿದವನಲ್ಲ. ಬೋಳು ದಿಣ್ಣೆಗೆ ಆನಿಸಿ ನೆಟ್ಟಿದ್ದ ಗುರಿ ಹಲಗೆಗೆ ಎದುರಾಗಿ ಮಲಗಿದ. ಸೈಲೆನ್ಸರನ್ನು ಉಂಗುರಕ್ಕಿಟ್ಟು ಕಾಲು ಸುತ್ತು ತಿರುಗಿಸಿದ. ಅದು ಗಟ್ಟಿಯಾಗಿ ಕೂತದ್ದು ಬೆರಳಿಗೆ ತಿಳಿಯಿತು. ಬಂದೂಕಿನ ಕುದುರೆ ಎಳೆದ.

ಭುಜಕ್ಕೊಂದು ಗುದ್ದು, ಎದೆಗೊಂದು ಮಂದವಾದ ದಪ್ ಸದ್ದು. ಅಷ್ಟೇ. ಉಸಿರು ಬಿಗಿಹಿಡಿದು ಕಾದ. ಟಿಣ್ ಇಲ್ಲ. ಮತ್ತೆ ಹೊಡೆದ. ಮತ್ತೆಯೂ ಇಲ್ಲ.

ಮರ್ಡೊ ಗಹಗಹಿಸಿ ನಕ್ಕ. ಎಷ್ಟೋ ದಿನಗಳ ಮೇಲೆ ಅವನಿಗೆ ನಿಜವಾಗಿ ಸಂತೋಷವಾಗಿತ್ತು. ಸುಳ್ಳರು, ಇಬ್ಬರೂ ಶುದ್ಧ ಸುಳ್ಳರು. ರೈಫಲ್ ಖಾಲಿ ಮಾಡಿ ಪಕ್ಕಕ್ಕಿಟ್ಟ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ಶುಂಠಿ ಬಿಸ್ಕತ್ತು ಅದ್ದಿ ತಿಂದ. ಗುಡ್ಡದ ಮೇಲೆ ಎಂಥ ನೆಮ್ಮದಿ! ಯಾರ ಗುಸುಗುಸುವೂ ಇಲ್ಲ.

ಪಕ್ಕದ ಕೆಂಪು ಹೂಗೊಂಚಲಿನ ಮೇಲೆ, ಕೈಗೆಟಕುವಷ್ಟು ಹತ್ತಿರ, ಒಂದು ತೂಯಿ ಹಕ್ಕಿ ಬಂದು ಕೂತಿತು. ಕೊರಳ ಬಿಳಿ ಕುಚ್ಚು ಕುಣಿಯುವಂತೆ ಗಂಟಲುಬ್ಬಿಸಿತು. ಹಾಡು ಕೇಳೋಣವೆಂದು ಮರ್ಡೊ ಲೋಟ ಕೆಳಗಿಟ್ಟು ಅದರತ್ತ ಬಾಗಿದ.

ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಐಲ್ಸಾಳಂತೆ ಅದೂ ಹಾಡು ನುಂಗಿ, ಅವನೆದುರು ಬರೀ ಬಾಯಿ ಆಡಿಸುತ್ತಿತ್ತು.