ತಿಪ್ಪೇಸ್ವಾಮಿ ಮಾವನ ಬಿರುಕು

ದಾವಣಗೆರೆಯಲ್ಲಿ ಈಗ ಮದುವೆಗೆ ಜಾತಕ ಯಾರೂ ಕೇಳುವುದಿಲ್ಲ. ಎರಡು ಮನೆತನಗಳನ್ನು ಪ್ಲೈವುಡ್ ಹಾಳೆಗಳಂತೆ ಅಂಟಿಸಿದರೆ ಪದರ ಎಲ್ಲಿ ಬಿಡುತ್ತದೆ ಎಂದು ಕಂಪ್ಯೂಟರ್ ನೋಡಿ ಪಾಸು ಮಾಡಬೇಕು, ಇಲ್ಲದಿದ್ದರೆ ಛತ್ರ ಸಿಗುವುದಿಲ್ಲ. ಪರೀಕ್ಷಾ ಕೇಂದ್ರದಲ್ಲಿ ಮದುಮಗಳು ದಾಕ್ಷಾಯಿಣಿ ತನ್ನ ಸೋದರಮಾವ ತಿಪ್ಪೇಸ್ವಾಮಿಯ ಪಕ್ಕ ಕೂತಿದ್ದಳು. ಅವಳಪ್ಪ ಮತ್ತು ಬೀಗರು ಫ್ಯಾನಿನ ಕೆಳಗಿನ ಕುರ್ಚಿಗಾಗಿ ಕಿತ್ತಾಡಿ ಆಗಲೇ ಮುಖ ತಿರುಗಿಸಿಕೊಂಡಿದ್ದರು.

ಹಿಂದೆ ವಿಮಾನದ ರೆಕ್ಕೆಗಳನ್ನು ಪರೀಕ್ಷಿಸುತ್ತಿದ್ದ ಶಕೀಲಾ ಮೇಡಂ ಪರದೆಯ ಮೇಲಿನ ಸಂಬಂಧಕ್ಕೆ ಬೀಗರ ಊಟದ ಭಾರ ಹಾಕಿದರು. ಪದರಗಳ ನಡುವೆ ಕೆಂಪು ಗೆರೆ ಮೂಡಿತು.

"ಬಿರುಕು ಸೋದರಮಾವನಿಂದ ಶುರು. ಊಟಕ್ಕೆ ಏಳಿ ಅಂತ ಅವರನ್ನು ಯಾರೂ ಖುದ್ದಾಗಿ ಕರೆದಿಲ್ಲ."

"ನಾನೇ ಕರೀತೀನಿ ಮೇಡಂ," ಎಂದಳು ದಾಕ್ಷಾಯಿಣಿ.

ಮೇಡಂ ಹಾಗೇ ತಿದ್ದಿ ನೋಡಿದರು. ಇಡೀ ಸಂಬಂಧ ಹಪ್ಪಳದಂತೆ ಪುಡಿಯಾಯಿತು!

"ನೋಡಮ್ಮ, ಒಂದು ಸಣ್ಣ ಬಿರುಕು ಇದ್ದರೇನೇ ಉಳಿದಿದ್ದು ಗಟ್ಟಿ. ಮಾವನ್ನ ಸಮಾಧಾನ ಮಾಡೋದ್ರಲ್ಲಿ ಬೇರೆಯವರಿಗೆ ಜಗಳಕ್ಕೆ ಪುರುಸೊತ್ತೇ ಇರಲ್ಲ. ಮುನಿಸಿಕೊಳ್ಳೋಕೆ ಅವರು ಒಪ್ಪಿದರೆ ಪಾಸು."

ಎಲ್ಲರೂ ತಿಪ್ಪೇಸ್ವಾಮಿ ಮಾವನ ಕಡೆ ತಿರುಗಿದರು. ಮಾವ ಟವೆಲ್ ಕೊಡವಿ ಎದ್ದರು.

"ನೀವು ಹೇಳಿದಾಗ ಮುನಿಸಿಕೊಳ್ಳೋಕೆ ನಾನೇನು ನಿಮ್ಮ ಮನೆ ಆಳಾ? ಅದನ್ನಾದರೂ ಮನೆಗೆ ಬಂದು, ಎಲೆ ಅಡಿಕೆ ಇಟ್ಟು ಕೇಳಿದ್ರಾ? ಈ ಮದುವೆಗೆ ನಾನು ಬರೋದೇ ಇಲ್ಲ!"

ಬಾಗಿಲು ದಡಾರನೆ ಬಡಿದುಕೊಂಡಿತು. "ಮಾವಾ, ನಿಲ್ಲಿ ಮಾವಾ!" ಎಂದು ದಾಕ್ಷಾಯಿಣಿ ಓಡಿದಳು. ಅವಳಪ್ಪನೂ ಬೀಗರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮೆಟ್ಟಿಲಿಳಿದರು.

ಶಕೀಲಾ ಮೇಡಂ ಪಾಸು ಮುದ್ರೆ ಒತ್ತಿ, ಫ್ಯಾನಿನ ಕೆಳಗಿನ ಕುರ್ಚಿಗೆ ಹೋಗಿ ಕೂತರು.