ತೊಂಬತ್ತೆರಡು ಡಿಗ್ರಿ

ಎಂಬತ್ತೊಂಬತ್ತು. ತೊಂಬತ್ತು. ತೊಂಬತ್ತೊಂದು.

ಚನ್ನಬಸವ ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದ. ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವ ಹುಚ್ಚು ಅವನದು. ವೇಗ ಏರಿಸಿದರೆ ಅದು ಹೆಚ್ಚು ವೋಲ್ಟೇಜ್ ಬೇಡುತ್ತದೆ, ಕೊಟ್ಟರೆ ಕಾದು ಕೆಂಡವಾಗುತ್ತದೆ, ನೂರು ಡಿಗ್ರಿ ಮುಟ್ಟಿದರೆ ಮುನಿಸಿಕೊಂಡು ತಾನೇ ಆರಿಹೋಗುತ್ತದೆ.

"ಇನ್ನೂ ಸ್ವಲ್ಪ ಏರಿಸ್ರೀ," ಕಂಪ್ಯೂಟರ್ ಕ್ಯಾಬಿನೆಟ್ಟಿನ ಹಿಂದಿನಿಂದ ಹೆಂಡತಿ ಪ್ರೇಮಲತಾಳ ದನಿ.

"ಸುಟ್ಟುಹೋಗುತ್ತೆ ಮಾರಾಯ್ತಿ!"

"ಹೋದ್ರೆ ಹೋಗ್ಲಿ. ಧೈರ್ಯ ಮಾಡಿ."

ಅವನ ಕಣ್ಣು ಮಂಜಾಯಿತು. ಮೇ ತಿಂಗಳಲ್ಲಿ ಇದೇ ಹೆಂಗಸು, "ಇನ್ನೊಂದು ಸಲ ನಮ್ಮಪ್ಪನ್ನ ಅಣಕಿಸಿದ್ರೆ ಚಿಕ್ಕಮಗಳೂರಿಗೆ ತವರಿಗೆ ಹೊರಟೆ, ಮತ್ತೆ ಬರಲ್ಲ" ಎಂದಿದ್ದಳು. ಚನ್ನಬಸವನ ನಾಲಗೆ ಅಂಥದ್ದು. ಮೂಡಿಗೆರೆಯಲ್ಲಿ ಅವನದು ಪಂಪ್‌ಸೆಟ್ ಅಂಗಡಿ. ಗಿರಾಕಿ ಮೆಟ್ಟಿಲಿಳಿಯುವ ಮೊದಲೇ ಗಿರಾಕಿಯ ದನಿಯಲ್ಲಿ ಮಾತಾಡಿ ಉಳಿದವರನ್ನು ನಗಿಸುತ್ತಿದ್ದ.

ಜೂನ್‌ನಲ್ಲಿ ತಡೆಯಲಾಗಲಿಲ್ಲ. ಹಳೇ ವೈರ್ ಹುಡುಕಲು ಅಟ್ಟ ಹತ್ತಿದವನಿಗೆ ಮದುವೆಯಲ್ಲಿ ಮಾವ ಕೊಟ್ಟಿದ್ದ ಚರ್ಮದ ಸೂಟ್‌ಕೇಸ್ ಸಿಕ್ಕಿತು. ಮಳೆಗಾಲದ ಬೂಷ್ಟು ಅದಕ್ಕೆ ಬಿಳಿ ಗಡ್ಡ ಬೆಳೆಸಿತ್ತು. ನೆಂಟರ ಮುಂದೆ ತೊಡೆಯ ಮೇಲಿಟ್ಟುಕೊಂಡು, ಮುಚ್ಚಳವನ್ನು ಬಾಯಿಯಂತೆ ತೆರೆದು ಮುಚ್ಚಿ, ಮಾವನ ಉಬ್ಬಸ ಸಮೇತ ಮಾತಾಡಿಸಿದ: "ಅಳಿಯಂದ್ರೇ... ಹುಹ್ಹ್... ನನ್ ಮಗ್ಳು... ಹುಹ್ಹ್..." ನೆಂಟರು ಬಿದ್ದುಬಿದ್ದು ನಕ್ಕರು. ಪ್ರೇಮಲತಾ ಅದನ್ನು ಕಿತ್ತುಕೊಂಡು ಒಳಗೆ ಹೋದಳು.

ಬೆಳಗಾದರೆ ಹೊರಡುತ್ತಾಳೆಂದು ಹೆದರಿದ. ಹೊರಡಲಿಲ್ಲ. ಬದಲಿಗೆ ಸಂಜೆಯಾದರೆ ಕ್ಯಾಬಿನೆಟ್ಟಿನ ಹಿಂದೆ, ಗೋಡೆ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂರತೊಡಗಿದಳು. ಮನೆಯಲ್ಲಿ ಬೆಚ್ಚಗಿದ್ದ ಇನ್ನೊಂದೇ ಜಾಗವಾದ ಬಚ್ಚಲೊಲೆಯ ಮುಂದೆ ಅವಳ ಅತ್ತೆ ಬಸಮ್ಮನ ದರ್ಬಾರು. ಅಲ್ಲಿಗೆ ಏನು ಒಯ್ದರೂ ಯಾಕೆ, ಏನು ಎಂಬ ವಿಚಾರಣೆ.

"ಇಲ್ಲಾದ್ರೆ ಬೆಚ್ಚಗಿರುತ್ತೆ. ಯಾರೂ ಏನೂ ಕೇಳಲ್ಲ," ಎಂದಳು.

ಅವಳು ಎದ್ದು ಹೋಗದಿರಲೆಂದೇ ಅವನು ದಿನಾ ವೋಲ್ಟೇಜ್ ಏರಿಸಿದ. ದೊಡ್ಡ ಫ್ಯಾನ್ ಹಾಕಿಸಿದ. ಬಿಸಿಗಾಳಿಯೆಲ್ಲ ಹಿಂದಕ್ಕೆ ನುಗ್ಗಿತು. "ಇದು ಒಳ್ಳೇದಾಯ್ತು ನೋಡಿ," ಎಂದಳು. ಕರೆಂಟ್ ಹೋದ ಸಂಜೆ ಅವನಿಗಿಂತ ಅವಳೇ ಹೆಚ್ಚು ಚಡಪಡಿಸಿದಳು. ತನ್ನ ಹುಚ್ಚು ಅವಳಿಗೂ ಹತ್ತಿತು, ಸಿಟ್ಟು ಇಳಿಯಿತು ಎಂದುಕೊಂಡ. "ತಪ್ಪಾಯ್ತು" ಎಂಬ ಮಾತು ತುಟಿಯವರೆಗೂ ಬಂದಿತ್ತು. ಇನ್ನೇಕೆ ಎಂದು ನುಂಗಿಕೊಂಡ.

ತೊಂಬತ್ತೆರಡು. ಅಲ್ಲೇ ನಿಂತಿತು. ವೇಗದ ಪರೀಕ್ಷೆ ಮುಗಿಯಿತು, ಪ್ರೊಸೆಸರ್ ಕೈಕೊಡಲಿಲ್ಲ.

"ಗೆದ್ದೆ ಕಣೇ!"

ಪ್ರೇಮಲತಾ ಸ್ಟೂಲಿನ ಪಕ್ಕಕ್ಕೆ ಬಗ್ಗಿ ಕೈಯಾಡಿಸಿ ನೋಡಿದಳು. "ಆಯ್ತು. ಇಷ್ಟು ಸಾಕು," ಎಂದು ನಕ್ಕಳು. ಜೂನ್‌ನಿಂದೀಚೆಗೆ ಅದೇ ಮೊದಲ ನಗು.

ಚನ್ನಬಸವ ಪೇಡ ತರಲು ಪೇಟೆಗೆ ಓಡಿದ. ವಾಪಸಾಗುವಾಗ ಚಿಕ್ಕಮಗಳೂರಿನ ಬಸ್ಸು ಎದುರಿಗೇ ದಾಟಿಹೋಯಿತು. ಕಂಡಕ್ಟರನ ಸೀಟಿಯನ್ನು ಅಣಕಿಸುತ್ತಲೇ ಮನೆಯ ಮೆಟ್ಟಿಲು ಹತ್ತಿದ.

ಸ್ಟೂಲ್ ಖಾಲಿಯಿತ್ತು, ಅದರ ಪಕ್ಕ, ಬಿಸಿಗಾಳಿ ನೇರ ಬಡಿಯುವಲ್ಲಿ, ಮಳೆಗೆ ಬೆವರಿದ ಸಿಮೆಂಟು ನೆಲ ಒಂದು ಸೂಟ್‌ಕೇಸಿನ ಅಗಲಕ್ಕೆ ಮಾತ್ರ ಒಣಗಿತ್ತು, ಸುತ್ತಲೂ ಉದುರಿದ ಬಿಳಿ ಬೂಷ್ಟಿನ ಪುಡಿ.