ಕಬ್ಬಿಣದ ಪೈಪು

ಅಡುಗೆಮನೆಯ ನೀರಿನ ಪೈಪಿನೊಳಗಿಂದ ಟಣ್, ಟಣ್, ಟಣ್ ಎಂದು ಮರುಸದ್ದು ಬಂದಾಗ ಮುದುಕನ ಕೈಯಲ್ಲಿದ್ದ ಚಮಚ ಗಾಳಿಯಲ್ಲೇ ನಿಂತಿತು. ಹಿಂದೆ ಗಣಿ ಕುಸಿದು ಮಣ್ಣಿನಡಿ ಸಿಕ್ಕಿಕೊಂಡಿದ್ದಾಗ ಬಂಡೆಯಾಚೆಗಿದ್ದ ಜೊತೆಗಾರನಿಗೂ ಇವನಿಗೂ ಇದ್ದದ್ದು ಇದೊಂದೇ ಮಾತು. ಬಂಡೆಯನ್ನು ದಾಟಿ ಹೋಗಿದ್ದ ಗಣಿಯ ಪೈಪಿನ ಮೇಲೆ ಮೂರು ಏಟು ಬಿದ್ದರೆ ಬದುಕಿದ್ದೇನೆ ಎಂದರ್ಥ. ಇವನನ್ನು ಹೊರಗೆಳೆಯುವ ಹೊತ್ತಿಗೆ ಆಚೆಯ ಸದ್ದು ನಿಂತುಹೋಗಿತ್ತು. ಹೆಂಡತಿ ತೀರಿಕೊಂಡ ಮೇಲೆ ದಿನಾ ಸಂಜೆ ಅಡುಗೆಮನೆಯ ಪೈಪಿಗೆ ಚಮಚದಿಂದ ಹೀಗೆ ಬಡಿದು ಕಿವಿಗೊಡುತ್ತಿದ್ದ. ಉತ್ತರ ಬಂದದ್ದು ಇವತ್ತೇ.

“ಇದ್ದೀಯೇನೋ! ಗಟ್ಟಿಯಾಗಿರು, ಬಂದೆ!” ಎಂದು ಪೈಪಿಗೆ ಬಾಯಿಟ್ಟು ಕೂಗಿ, ಅದು ಗೋಡೆಯೊಳಗೆ ಹೋಗುವ ಕಡೆ ಗಾರೆಯನ್ನು ಉಗುರಿನಿಂದ ಕೆರೆಯತೊಡಗಿದ.

ಬಾಗಿಲು ತಳ್ಳಿಕೊಂಡು ಓಡಿಬಂದವನು ಪ್ಲಂಬರ್. “ಏನ್ ತಾತ, ಜೀವ ಹೋಗೋ ಹಾಗೆ ಕೂಗಿದ್ರಲ್ಲ! ಮೇಲಿನ ಮನೇಲಿ ಪೈಪ್ ಬಿಚ್ತಿದ್ದೆ. ನೀವು ಬಡಿದ್ರಲ್ಲಾ ಅಂತ ತಮಾಷೆಗೆ ನಾನೂ ಬಡಿದೆ.” ಗೋಡೆಗೆ ಮೆತ್ತಿದ ರಕ್ತ ಕಂಡು ಅವನ ನಗು ಇಳಿಯಿತು.

“ಇದನ್ನ ಮಾತ್ರ ತೆಗೀಬೇಡಪ್ಪಾ,” ಎಂದ ಮುದುಕ.

“ಪೂರ್ತಿ ತುಕ್ಕು ಹಿಡಿದಿದೆ ತಾತ. ಎಲ್ಲಾ ಮನೆಗೂ ಪ್ಲಾಸ್ಟಿಕ್ ಪೈಪೇ ಹಾಕ್ತಿರೋದು. ನಿಮಗೂ ಒಳ್ಳೇದೇ, ಇನ್ಮೇಲೆ ಸದ್ದೇ ಇರಲ್ಲ.”

ಮರುದಿನ ಸಂಜೆ ಮುದುಕ ಬಟ್ಟೆ ಸುತ್ತಿದ ಬೆರಳುಗಳಲ್ಲಿ ಚಮಚ ಹಿಡಿದು ಹೊಸ ಪೈಪಿಗೆ ಬಡಿದ. ಟಪ್ ಎಂದ ಸದ್ದು ಅಲ್ಲೇ ಸತ್ತಿತು. ಮತ್ತೆ ಜೋರಾಗಿ ಬಡಿದ. ಇನ್ನು ಆಚೆಯಿರುವವನಿಗೆ ಏನೂ ಕೇಳಿಸುವುದಿಲ್ಲ. ಇವನೂ ಸತ್ತನೆಂದೇ ಅವನು ತಿಳಿದುಕೊಳ್ಳುತ್ತಾನೆ.